ಸಹಾಯ ಬೇಕು: ಹಳೇ ಮೋಡಿ ಬರಹ (ಅಕ್ಷರ ಕೂಡಿಸಿ ಬರೆಯೋ ಕೈಬರಹ) ಓದೋರು ಕೋಲಾರದಲ್ಲಿ ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದಲ್ಲಿ ಹೊಸದಾಗಿ ವಕೀಲಿಕೆ ಶುರು ಮಾಡಿದವಳು. ಶನಿವಾರ ಒಂದು ಉಚಿತ ಕಾನೂನು ನೆರವು ಸಂಸ್ಥೆಯಲ್ಲಿ ಕೂರುತ್ತೇನೆ.

ಮುಳಬಾಗಿಲು ಕಡೆಯ ಅಜ್ಜಿಯೊಬ್ಬರು ಅವರ ಮಾವನಿಗೆ ಮಂಜೂರಾದ ಜಮೀನಿನ ಸಾಗುವಳಿ ಚೀಟಿ ತಂದಿದ್ದಾರೆ. ಸರ್ವೆ ನಂಬರ್ ಇರೋ ಮಡಿಕೆಯಲ್ಲೇ ಹರಿದಿದೆ. ಉಳಿದದ್ದು ಶಾನುಭೋಗರ ಕಾಲದ ಮೋಡಿ ಬರಹ. ನನಗೆ ಕಾಣೋದು ಬರೀ ಸುರುಳಿ!

ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಬೇರೆಯವರ ಪಾಲಾಗದಂತೆ ತಡೆಯೋ 1978ರ ಪಿಟಿಸಿಎಲ್ ಕಾಯ್ದೆಯಡಿ ಉಪವಿಭಾಗಾಧಿಕಾರಿ (ಎಸಿ) ಮುಂದೆ ಅರ್ಜಿ ಹಾಕಬೇಕು. ಜಮೀನು ಎಷ್ಟು ವರ್ಷ ಮಾರಬಾರದು ಅನ್ನೋ ಷರತ್ತು ಆ ಚೀಟಿಯಲ್ಲೇ ಇರಬೇಕು. ಕೇಸು ನಿಂತಿರೋದೇ ಅದರ ಮೇಲೆ.

ಪರಿಶಿಷ್ಟ ಜಾತಿಯವರಿಗೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವು ಸಿಗುತ್ತೆ ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ಅಜ್ಜಿಗೆ ಮಾತ್ರ ಇನ್ನೂ ನಂಬಿಕೆ ಬಂದಿಲ್ಲ, ಬಂದಾಗಲೆಲ್ಲ ಹುಣಸೆಹಣ್ಣು ತರುತ್ತಾರೆ.

ನಿವೃತ್ತ ಕಂದಾಯ ನೌಕರರು ಯಾರಾದ್ರೂ ಅರ್ಧ ಗಂಟೆ ಬಿಡುವು ಮಾಡ್ಕೊಂಡ್ರೆ ಸಾಕು. ಮನೆಗೇ ಬರ್ತೀನಿ. ದಯವಿಟ್ಟು ಮೆಸೇಜ್ ಮಾಡಿ.