ಕೇಳಿಸದಿದ್ದರೆ ಖಾಲಿ ಬಿಡಲಿ

ತಂಗಿ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗಳಿಗೆ ಮನೆಯಿಂದಲೇ ಮಾಡುವ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸ, ಅಂದರೆ ಡಾಕ್ಟರು ಹೇಳಿಟ್ಟ ಧ್ವನಿಯನ್ನು ಕೇಳಿ ವರದಿ ಟೈಪ್ ಮಾಡುವ ಕೆಲಸ ಸಿಕ್ಕಿದೆ, ಸೋಮವಾರ ಕರಾರಿಗೆ ಸಹಿ ಮಾಡಬೇಕು, ಆದರೆ ಈಗ ಎಲ್ಲವನ್ನೂ ಕಂಪ್ಯೂಟರೇ ಬರೆಯುತ್ತದೆ ಎನ್ನುತ್ತಾರಲ್ಲ, ಇದನ್ನು ನಂಬಿ ಅವಳನ್ನು ಹುಮನಾಬಾದಿನ ಮನೆಯಲ್ಲಿ ಕೂರಿಸಬಹುದೇ ಎಂದು ಕೇಳಿದ್ದೀಯ. ಬರೆಯುತ್ತ ಕುಳಿತರೆ ಅರ್ಧ ಮಾತು ಉಳಿದುಹೋಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದವಾದರೂ ಪೂರ್ತಿ ಕೇಳು, ಅವಳಿಗೂ ಕೇಳಿಸು.

ಕಲಬುರಗಿಯ ಬ್ರಹ್ಮಪುರದ ಮನೆಯ ಮಾಳಿಗೆಯ ಕೋಣೆ ನಿಮಗೆಲ್ಲ ಗೊತ್ತೇ ಇದೆ. ಆ ಕೋಣೆಯಲ್ಲಿ ನಾನು ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದೆ. ಅಮೆರಿಕದ ಡಾಕ್ಟರು ಹಗಲೆಲ್ಲ ರೋಗಿಗಳನ್ನು ನೋಡಿ ಹೇಳಿಟ್ಟದ್ದು ನಮಗೆ ರಾತ್ರಿ ಬಂದು ಸೇರುತ್ತಿತ್ತು. ಅವರು ಮರುದಿನ ಆಸ್ಪತ್ರೆಗೆ ಬರುವ ಹೊತ್ತಿಗೆ ವರದಿ ಸಿದ್ಧವಾಗಿರಬೇಕಿತ್ತು. 2006ರ ಮೇ ತಿಂಗಳ ಒಂದು ರಾತ್ರಿಯನ್ನು ನಾನು ಇಂದಿಗೂ ಮರೆತಿಲ್ಲ. ನಮ್ಮ ಊರಿನ ಮೇ ಎಂದರೆ ರಾತ್ರಿ ಎರಡಾದರೂ ಗೋಡೆ ಮುಟ್ಟಿದರೆ ಕೈ ಬಿಸಿಯಾಗುತ್ತದೆ, ಕೂಲರ್ ಇಲ್ಲದೆ ಕೂರಲಾಗುವುದಿಲ್ಲ, ಕೂಲರ್ ಹಾಕಿದರೆ ಕಿವಿಯಲ್ಲಿ ಅದರ ಗುಂಯ್ ಎನ್ನುವ ಸದ್ದೇ ತುಂಬಿಕೊಳ್ಳುತ್ತದೆ. ಮೊಣಕಾಲು ನೋವಿನ ಒಬ್ಬ ಮುದುಕಿಯ ವರದಿ ಬಂದಿತ್ತು. ಡಾಕ್ಟರು ನಡೆಯುತ್ತ ಮಾತಾಡುತ್ತಿದ್ದರೆಂದು ಕಾಣುತ್ತದೆ, ಮೆಲಾಕ್ಸಿಕ್ಯಾಮ್ ಎಂದು ನೋವಿನ ಮಾತ್ರೆಯ ಹೆಸರು ಹೇಳಿದ ಮೇಲೆ ಬಂದ ಅಂಕಿ ಫಿಫ್ಟಿಯೋ ಫಿಫ್ಟೀನೋ ಎಂದು ನನಗೆ ತಿಳಿಯಲಿಲ್ಲ. ಕಾಲಡಿಯ ಪೆಡಲ್ ಒತ್ತಿ ಧ್ವನಿಯನ್ನು ಹಿಂದಕ್ಕೆ ಓಡಿಸಿ ಮೂರು ಸಲ ಕೇಳಿದೆ. ಕೂಲರ್ ಆರಿಸಿ ನಾಲ್ಕನೆಯ ಸಲ ಕೇಳುವಷ್ಟು ತಾಳ್ಮೆ ನನಗೆ ಆ ಹೊತ್ತಿನಲ್ಲಿ ಇರಲಿಲ್ಲ, ಇನ್ನೂ ಐದು ವರದಿಗಳು ಬಾಕಿ ಇದ್ದವು, ಖಾಲಿ ಬಿಟ್ಟರೆ ತಿಂಗಳ ಗುಣಮಟ್ಟದ ಅಂಕ ಕಡಿಮೆಯಾಗುತ್ತದೆ ಎಂಬ ಹೆದರಿಕೆ ಬೇರೆ. 50 ಮಿಲಿಗ್ರಾಂ ಎಂದು ಬರೆದು ಕಳಿಸಿಬಿಟ್ಟೆ.

ಬೆಳಿಗ್ಗೆ ಆ ವರದಿ ಕೆಂಪು ಗುರುತಿನೊಂದಿಗೆ ವಾಪಸ್ ಬಂತು. ತಪಾಸಣೆ ಮಾಡುವ ಹೆಣ್ಣುಮಗಳು ಒಂದೇ ಸಾಲು ಬರೆದಿದ್ದಳು, ಈ ಮಾತ್ರೆ 7.5 ಮತ್ತು 15 ಮಿಲಿಗ್ರಾಂನಲ್ಲಿ ಬರುತ್ತದೆ, 50ರ ಮಾತ್ರೆ ಎಲ್ಲಿದೆ ಎಂದು. ಮೇಜಿನ ಮೇಲೆಯೇ ಇದ್ದ ಔಷಧಿಗಳ ಪುಸ್ತಕವನ್ನು ನಾನು ತೆರೆದಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆ ಮುದುಕಿಗೆ ಏನೂ ಆಗಲಿಲ್ಲ, ನಡುವೆ ಒಬ್ಬಳು ಹಿಡಿದಳು ಎಂಬುದಷ್ಟೇ ಕಾರಣ. ಹಿಡಿಯುವವರು ಇಲ್ಲದೇ ಹೋದದ್ದೂ ಇದೆ. 2008ರಲ್ಲಿ ಅಲಬಾಮಾದ ಒಂದು ಆಸ್ಪತ್ರೆಯಿಂದ ಹೊರಬಂದ ಮಹಿಳೆಯ ಕಾಗದದಲ್ಲಿ ಇನ್ಸುಲಿನ್ 8 ಯೂನಿಟ್ ಎಂದಿರಬೇಕಾದ ಕಡೆ 80 ಎಂದು ಟೈಪಾಗಿತ್ತು, ಟೈಪಾದದ್ದು ನಮ್ಮ ದೇಶದಲ್ಲಿ, ಆ ಮಹಿಳೆ ಬದುಕಲಿಲ್ಲ. 2012ರಲ್ಲಿ ಅಲ್ಲಿಯ ಜ್ಯೂರಿ 14 ಕೋಟಿ ಡಾಲರ್ ಪರಿಹಾರಕ್ಕೆ ತೀರ್ಪು ಕೊಟ್ಟಿತು. ಆ ಸುದ್ದಿ ಓದಿದ ದಿನ ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಆದ್ದರಿಂದ ಮಗಳಿಗೆ ಹೇಳು: ಕೇಳಿಸದ್ದನ್ನು ಊಹಿಸಿ ಬರೆಯಬಾರದು. ಜಾಗ ಖಾಲಿ ಬಿಟ್ಟು, ಧ್ವನಿ ಎಷ್ಟನೆಯ ನಿಮಿಷದಲ್ಲಿದೆ ಎಂದು ಗುರುತು ಹಾಕಿ ಕಳಿಸಬೇಕು.

ಕಂಪ್ಯೂಟರಿನ ಮಾತು ಕೇಳಿದ್ದೆಯಲ್ಲ. ಈಗ ಧ್ವನಿಯಿಂದ ಮೊದಲ ಕರಡನ್ನು ಯಂತ್ರವೇ ತಯಾರಿಸುತ್ತದೆ, ನಾವು ಕೇಳುತ್ತ ತಿದ್ದುತ್ತೇವೆ, ಅದು ನಿಜ. ಹೊಸ ಕೈಗಳಿಗೆ ಸಿಗುವ ಕೆಲಸವೂ ಹೆಚ್ಚಾಗಿ ಅದೇ. ಆದರೆ ಯಂತ್ರ ಸರಿಯಾಗಿ ಕೇಳಿಸದ ಕಡೆಯೂ ಯಾವುದೋ ಒಂದು ಶಬ್ದವನ್ನು ತಂದು ಕೂರಿಸಿಬಿಡುತ್ತದೆ, ಕಡಿಮೆ ಎನ್ನುವ ಹೈಪೋ ಇರುವಲ್ಲಿ ಹೆಚ್ಚು ಎನ್ನುವ ಹೈಪರ್ ಎಂದು ಬರೆದರೂ ವಾಕ್ಯ ಚೊಕ್ಕವಾಗಿಯೇ ಕಾಣುತ್ತದೆ. ಮೇಲಿನ ಸಾಲಿನಲ್ಲಿ ಹೈಪರ್‌ಟೆನ್ಷನ್, ಅಂದರೆ ಬಿಪಿ ಹೆಚ್ಚು ಎಂದಿದ್ದು ಕೆಳಗೆ ಬಿಪಿ 84/50 ಎಂದು ಕಡಿಮೆ ಇದ್ದರೆ ಎರಡೂ ಕೂಡುವುದಿಲ್ಲವೆಂದು ಗಮನಿಸುವ ಮನುಷ್ಯರು ಬೇಕೇ ಬೇಕು. ಮತ್ತೊಮ್ಮೆ ಹೇಳುತ್ತೇನೆ, ಊಹಿಸಿ ಬರೆಯಬಾರದು, ಯಂತ್ರ ಊಹಿಸಿದ್ದನ್ನು ಹಾಗೆಯೇ ಬಿಡಲೂಬಾರದು.

ಇಷ್ಟು ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿರುವ ಇನ್ನೊಂದು ಮಾತನ್ನೂ ಎಲ್ಲರ ಮುಂದೆ ಹೇಳುತ್ತೇನೆ, ದೊಡ್ಡಣ್ಣ ಮತ್ತು ವೈನಿಯವರು ಬೇಸರ ಮಾಡಿಕೊಳ್ಳಬಾರದು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಕಣ್ಣು ಮುಚ್ಚದೆ ಕೂತವಳನ್ನು ಏಳು ಗಂಟೆಗೆ ಎಬ್ಬಿಸಿ, ನೀನು ಹೇಗೂ ಮನೆಯಲ್ಲೇ ಇರುವವಳು, ಬಂದವರಿಗೆ ರೊಟ್ಟಿ ಬಡಿ ಎಂದು ಹೇಳಿದ್ದು ಒಂದು ಸಲವಲ್ಲ. ನಿಶ್ಚಯ ಕಾರ್ಯವಿರಲಿ, ಶರಣಬಸವೇಶ್ವರರ ಜಾತ್ರೆಗೆ ಬಂದ ಬೀಗರಿರಲಿ, ಹಗಲಿನ ಕೆಲಸವೆಲ್ಲ ನನ್ನ ಪಾಲಿಗೆ ಬರುತ್ತಿತ್ತು. ಕಾಲೇಜಿಗೆ ಹೋಗಿ ಪಾಠ ಮಾಡುವ ನಾದಿನಿಗೆ ಯಾರೂ ಹಾಗೆ ಹೇಳಲಿಲ್ಲ. ಆ ಕೋಣೆಯ ಬಾಗಿಲು ಹಾಕಿಕೊಂಡರೆ ಸೊಕ್ಕು ಎಂದರು. ಕಂಪ್ಯೂಟರಿನ ಪರದೆಯ ಮೇಲೆ ಯಾರದೋ ಹೆಸರು, ಯಾರದೋ ಕಾಯಿಲೆ ಇರುತ್ತಿತ್ತು. ಅಮೆರಿಕದಲ್ಲಿ 1996ರಿಂದ ಹಿಪಾ ಎಂಬ ಕಾನೂನಿದೆ, ರೋಗಿಯ ಗುಟ್ಟು ಹೊರಗೆ ಹೋಗಬಾರದೆಂದು ನಾನು ಸಹಿ ಮಾಡಿಕೊಟ್ಟಿದ್ದೆ. ಮಕ್ಕಳು ಬಂದು ಹೆಗಲ ಮೇಲಿಂದ ಇಣುಕಿದರೆ ನಾನು ಏನು ಮಾಡಬೇಕಿತ್ತು? ಆ ಮೇ ತಿಂಗಳ ರಾತ್ರಿ ನನಗೆ ತಾಳ್ಮೆ ತಪ್ಪಿದ್ದಕ್ಕೆ ಹಿಂದಿನ ಎರಡು ಹಗಲು ನಿದ್ದೆ ಇಲ್ಲದ್ದೂ ಕಾರಣ. ತಂಗಿ, ನಿನ್ನ ಮನೆಯಲ್ಲಿ ಹಾಗಾಗದಂತೆ ನೋಡಿಕೊ, ಹಗಲು ಮಲಗಿದವಳನ್ನು ಮಲಗಲು ಬಿಡು.

ಅಯ್ಯೋ, ಸೋಮವಾರದ ಮಾತೇ ಉಳಿಯಿತು ನೋಡು. ಈ ಕೆಲಸಕ್ಕೆ ಹಣ ಸಾಲಿನ ಲೆಕ್ಕದಲ್ಲಿ, ಆದ್ದರಿಂದ ಸಹಿ ಮಾಡುವ ಮೊದಲು ಸಾಲು ಎಂದರೆ ಎಷ್ಟು ಅಕ್ಷರ ಎಂದು ಕೇಳಲು ಅವಳಿಗೆ ಹೇಳು; ಸಾಮಾನ್ಯವಾಗಿ ಪದಗಳ ನಡುವಿನ ಖಾಲಿ ಜಾಗವೂ ಸೇರಿ 65 ಅಕ್ಷರಕ್ಕೆ ಒಂದು ಸಾಲು, ಖಾಲಿ ಜಾಗ ಬಿಟ್ಟು ಎಣಿಸಿದರೆ ಕೈಗೆ ಬರುವ ಹಣ ಕಡಿಮೆಯಾಗುತ್ತದೆ. ಯಂತ್ರದ ಕರಡು ತಿದ್ದುವುದಕ್ಕೆ ದರ ಬೇರೆ ಇದ್ದರೆ ಅದು ಕಾಗದದ ಮೇಲೆ ಇರಬೇಕು. ಕೇಳಿಸದ್ದನ್ನು ಖಾಲಿ ಬಿಟ್ಟದ್ದಕ್ಕೆ ಅಂಕ ಕಡಿಯುತ್ತಾರೆಯೇ ಎಂಬುದನ್ನು ತಪ್ಪದೆ ಕೇಳಬೇಕು, ಕಡಿಯುತ್ತೇವೆ ಎಂದರೆ ಆ ಕಡೆ ಹೋಗುವುದೇ ಬೇಡ. ಠೇವಣಿ ಎಂದು ಒಂದು ರೂಪಾಯಿ ಕೇಳಿದರೂ ಕೊಡಬೇಡಿ. ಇನ್ವರ್ಟರಿಗೆ ರೂಟರನ್ನೂ ಜೋಡಿಸು, ಇಲ್ಲವಾದರೆ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಇದ್ದರೂ ವರದಿ ಹೋಗುವುದಿಲ್ಲ. ಕರಾರಿನ ಫೋಟೋ ಗುಂಪಿನಲ್ಲಿ ಹಾಕದೆ ನನಗೆ ಮಾತ್ರ ಕಳಿಸು, ಭಾನುವಾರ ಓದಿ ಹೇಳುತ್ತೇನೆ. ನನ್ನ ಪೆಡಲ್ ಇನ್ನೂ ಕೆಲಸ ಮಾಡುತ್ತದೆ, ಒರೆಸಿ ಇಟ್ಟಿದ್ದೇನೆ, ತಮ್ಮ ಆ ಕಡೆ ಬರುವಾಗ ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.