ಪ್ರಶ್ನಾವಳಿಯ ಅಂಕಿಗಳಿಗೆಲ್ಲ ಸರಾಸರಿ ತೆಗೆಯಬಹುದೇ? ದತ್ತಾಂಶದ ಬಗೆ ಮತ್ತು ಸಂಶೋಧನಾ ವಿಧಾನ

ಪ್ರಶ್ನೆ: ಕಿರುಪ್ರಬಂಧಕಾರ

ಎಲ್ಲರಿಗೂ ನಮಸ್ಕಾರ. ಸ್ನಾತಕೋತ್ತರ ಪದವಿಯ ಕಿರುಪ್ರಬಂಧಕ್ಕಾಗಿ ವಿದ್ಯಾರ್ಥಿಗಳ ಮೊಬೈಲ್ ಬಳಕೆ ಮತ್ತು ನಿದ್ರೆಯ ಕುರಿತು ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿದ್ದೇನೆ. ವಯಸ್ಸನ್ನು 18–20, 21–23 ಎಂಬ ಗುಂಪುಗಳಲ್ಲಿ ಕೇಳಿದ್ದೇನೆ. ನಿದ್ರೆಯ ಗುಣಮಟ್ಟಕ್ಕೆ ‘ತುಂಬಾ ಕೆಟ್ಟದು’ ಎಂಬಲ್ಲಿಂದ ‘ತುಂಬಾ ಚೆನ್ನಾಗಿದೆ’ ಎಂಬಲ್ಲಿಯವರೆಗೆ 1ರಿಂದ 5 ಅಂಕಗಳಿವೆ. ಕೊನೆಯಲ್ಲಿ, ರಾತ್ರಿ ಮೊಬೈಲನ್ನು ಬದಿಗಿಡಲು ಇರುವ ತೊಡಕೇನು ಎಂಬ ಮುಕ್ತ ಪ್ರಶ್ನೆಯಿದೆ. ಅದೊಂದನ್ನು ಬಿಟ್ಟರೆ ಉಳಿದೆಲ್ಲವೂ ಅಂಕಿಗಳೇ ಆದುದರಿಂದ ಪರಿಮಾಣಾತ್ಮಕ ದತ್ತಾಂಶವೆಂದು ಕರಡಿನಲ್ಲಿ ಬರೆದಿದ್ದೆ. ಮಾರ್ಗದರ್ಶಕರು ಅದರ ಪಕ್ಕದಲ್ಲಿ ‘ಯಾವ ಮಾಪಕ?’ ಎಂದಷ್ಟೇ ಗುರುತು ಹಾಕಿ ಕಳುಹಿಸಿದ್ದಾರೆ. ಅವರು ಕೇಳುತ್ತಿರುವುದೇನು? ಮೊಬೈಲ್ ಬಳಕೆಯಿಂದ ನಿದ್ರೆ ಕೆಡುತ್ತದೆ ಎಂಬ ತೀರ್ಮಾನಕ್ಕೆ ಈ ಸಮೀಕ್ಷೆ ಸಾಕಾಗುತ್ತದೆಯೇ?

ಉತ್ತರ: ಅಂಕಿಸಂಖ್ಯೆ

ಮಾರ್ಗದರ್ಶಕರ ಪ್ರಶ್ನೆ ಸಣ್ಣದಾಗಿ ಕಂಡರೂ ನಿಮ್ಮ ವಿಶ್ಲೇಷಣೆಯೆಲ್ಲವೂ ಅದರ ಮೇಲೆಯೇ ನಿಂತಿದೆ. ಉತ್ತರವನ್ನು ಅಂಕಿಯಲ್ಲಿ ಬರೆದ ಮಾತ್ರಕ್ಕೆ ಅದು ಅಳತೆಯಾಗುವುದಿಲ್ಲ. ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ಮಾಪಕಗಳನ್ನು, ಅಂದರೆ ಅಳತೆಯ ಮಟ್ಟಗಳನ್ನು, ನಾಲ್ಕು ಬಗೆಯಾಗಿ ವಿಂಗಡಿಸಿದರು. ಇಂದಿಗೂ ತರಗತಿಗಳಲ್ಲಿ ಕಲಿಸುವುದು ಅದನ್ನೇ. ಹೆಸರಿಗಷ್ಟೇ ಅಂಕಿಯಿರುವ ನಾಮಿನಲ್ ಮಾಪಕಕ್ಕೆ ಲಿಂಗ, ಓದುವ ವಿಭಾಗ, ರಕ್ತದ ಗುಂಪು ಉದಾಹರಣೆಗಳು. ಆರ್ಡಿನಲ್ ಮಾಪಕದಲ್ಲಿ ಮೇಲುಕೆಳಗಿನ ಕ್ರಮವಿದೆ, ಆದರೆ ಮೆಟ್ಟಿಲುಗಳ ನಡುವಿನ ಅಂತರ ಸಮವೆಂಬ ಖಾತರಿಯಿಲ್ಲ. ನಿಮ್ಮ ನಿದ್ರೆಯ ಗುಣಮಟ್ಟದ ಪ್ರಶ್ನೆ ಇಲ್ಲಿಗೆ ಸೇರುತ್ತದೆ. ಇಂಟರ್ವಲ್ ಮಾಪಕದಲ್ಲಿ ಅಂತರ ಸಮವಾಗಿದ್ದರೂ ನಿಜವಾದ ಸೊನ್ನೆಯಿಲ್ಲ, ಆದ್ದರಿಂದಲೇ 20 ಡಿಗ್ರಿ ಸೆಲ್ಸಿಯಸ್ ಎಂಬುದು 10 ಡಿಗ್ರಿಯ ಎರಡು ಪಟ್ಟು ಬಿಸಿಯಲ್ಲ. ರೇಶಿಯೊ ಮಾಪಕದಲ್ಲಿ ಆ ಸೊನ್ನೆಯೂ ಇರುತ್ತದೆ: ಎಂಟು ಗಂಟೆಯ ನಿದ್ರೆ ನಾಲ್ಕು ಗಂಟೆಯ ನಿದ್ರೆಯ ಎರಡರಷ್ಟು ಎಂದು ನಿಸ್ಸಂಕೋಚವಾಗಿ ಹೇಳಬಹುದು.

ಮುಖ್ಯ ವಿಷಯವೆಂದರೆ, ಮಾಪಕವು ನೀವು ಪ್ರಶ್ನೆ ಕೇಳಿದ ರೀತಿಯಿಂದ ನಿರ್ಧಾರವಾಗುತ್ತದೆ. ವಯಸ್ಸು ಸ್ವತಃ ರೇಶಿಯೊ ಮಾಪಕದ ಸಂಗತಿ, ಆದರೆ 18–20 ಎಂಬ ಚೌಕಕ್ಕೆ ಗುರುತು ಹಾಕಿಸಿದ ಕೂಡಲೇ ಅದನ್ನು ಆರ್ಡಿನಲ್‌ಗೆ ಇಳಿಸಿದಂತಾಯಿತು. ಪೂರ್ಣ ವರ್ಷಗಳಲ್ಲಿ ಕೇಳಿದರೆ ಮುಂದೆ ಬೇಕೆಂದಾಗ ಗುಂಪು ಮಾಡಿಕೊಳ್ಳಬಹುದು, ಗುಂಪಿನಿಂದ ವಯಸ್ಸನ್ನು ಮರಳಿ ಪಡೆಯಲಾಗದು. ಮೊಬೈಲ್ ಬಳಕೆಗೂ ಇದೇ ಮಾತು ಅನ್ವಯಿಸುತ್ತದೆ: ‘ಸಾಕಷ್ಟು’, ‘ಅತಿಯಾಗಿ’ ಎಂಬ ಆಯ್ಕೆಗಳಿಗಿಂತ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಾಣುವ ಬಳಕೆಯ ಸಮಯವನ್ನು ನಿಮಿಷಗಳಲ್ಲಿ ಬರೆಯುವಂತೆ ಕೇಳುವುದು ಎಷ್ಟೋ ಮೇಲು.

ದತ್ತಾಂಶ ವಿಶ್ಲೇಷಣೆಯ ತಂತ್ರಾಂಶವಾದ ಎಸ್‌ಪಿಎಸ್‌ಎಸ್ ಬಳಸುವುದಾದರೆ, ವೇರಿಯಬಲ್ ವ್ಯೂ ಪುಟದ ಮೆಷರ್ ಕಾಲಮ್ಮಿನಲ್ಲಿ ನಾಮಿನಲ್, ಆರ್ಡಿನಲ್, ಸ್ಕೇಲ್ ಎಂಬ ಮೂರು ಆಯ್ಕೆಗಳಿರುತ್ತವೆ. ಇಂಟರ್ವಲ್ ಮತ್ತು ರೇಶಿಯೊ ಮಾಪಕಗಳೆರಡನ್ನೂ ಅದು ಸ್ಕೇಲ್ ಎಂದೇ ಒಟ್ಟುಗೂಡಿಸುತ್ತದೆ. ಕಲಾ ವಿಭಾಗಕ್ಕೆ 1, ವಿಜ್ಞಾನಕ್ಕೆ 2, ವಾಣಿಜ್ಯಕ್ಕೆ 3 ಎಂದು ಕೋಡ್ ಕೊಟ್ಟು ಸರಾಸರಿ ಕೇಳಿದರೆ 1.8 ಎಂಬಂಥ ಉತ್ತರವನ್ನು ತಂತ್ರಾಂಶ ಚಕಾರವೆತ್ತದೆ ಕೊಟ್ಟುಬಿಡುತ್ತದೆ. ಅದಕ್ಕೆ ಯಾವ ಅರ್ಥವೂ ಇಲ್ಲವೆಂಬುದನ್ನು ಗಮನಿಸಬೇಕಾದವರು ನೀವು.

ಉತ್ತರ: ವಿಧಾನಾಸಕ್ತ

ಮಾಪಕದ ವಿಷಯವನ್ನು ಮೇಲಿನವರು ವಿವರಿಸಿದ್ದಾರೆ, ನಾನು ಎರಡನೆಯ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ಉತ್ತರ, ಸಾಕಾಗುವುದಿಲ್ಲ. ಒಂದೇ ಸಲ ನಡೆಸಿದ ಸಮೀಕ್ಷೆ ಎರಡು ಸಂಗತಿಗಳು ಜೊತೆಜೊತೆಯಾಗಿ ಸಾಗುತ್ತವೆಯೇ ಎಂದು ಹೇಳಬಲ್ಲದೇ ಹೊರತು ಯಾವುದು ಯಾವುದಕ್ಕೆ ಕಾರಣವೆಂದು ಹೇಳಲಾರದು. ನಿದ್ರೆ ಬಾರದವರೇ ಹೊತ್ತು ಕಳೆಯಲು ಮೊಬೈಲ್ ಹಿಡಿದಿರಬಹುದು. ಪರೀಕ್ಷೆಯ ಆತಂಕವೇ ಎರಡಕ್ಕೂ ಮೂಲವಾಗಿರಬಹುದು.

ಕಾರಣವನ್ನು ಹುಡುಕಬೇಕಾದರೆ ಉಳಿದೆಲ್ಲವನ್ನೂ ಸಮವಾಗಿಟ್ಟು ಒಂದನ್ನು ಮಾತ್ರ ಬದಲಿಸಿ ನೋಡಬೇಕು. 1747ರಲ್ಲಿ ನೌಕಾವೈದ್ಯ ಜೇಮ್ಸ್ ಲಿಂಡ್ ಸ್ಕರ್ವಿ (ಸಿ ಜೀವಸತ್ವದ ಕೊರತೆಯ ಕಾಯಿಲೆ) ತಗುಲಿದ 12 ನಾವಿಕರನ್ನು ಹಡಗಿನ ಒಂದೇ ಭಾಗದಲ್ಲಿರಿಸಿ, ಒಂದೇ ಬಗೆಯ ಊಟ ಕೊಟ್ಟು, ಇಬ್ಬಿಬ್ಬರಿಗೆ ಒಂದೊಂದರಂತೆ ಆರು ಚಿಕಿತ್ಸೆಗಳನ್ನು ಮಾಡಿದನು. ಕಿತ್ತಳೆ, ನಿಂಬೆ ಪಡೆದ ಜೋಡಿ ಎಲ್ಲರಿಗಿಂತ ಬೇಗ ಚೇತರಿಸಿಕೊಂಡಿತು. ಆದರೆ ಯಾರಿಗೂ ಸಿಗರೇಟು ಕೊಟ್ಟು ಪ್ರಯೋಗ ಮಾಡಲಾಗದು. ಆದ್ದರಿಂದ ಸಂಶೋಧಕರಾದ ಡಾಲ್ ಮತ್ತು ಹಿಲ್ 1951ರಲ್ಲಿ ಬ್ರಿಟನ್ನಿನ ವೈದ್ಯರ ಧೂಮಪಾನದ ಅಭ್ಯಾಸವನ್ನು ದಾಖಲಿಸಿಕೊಂಡು, ಮುಂದೆ ಅವರಲ್ಲಿ ಯಾರು ಯಾವ ಕಾಯಿಲೆಯಿಂದ ಸತ್ತರೆಂಬುದನ್ನು ಗಮನಿಸುತ್ತ ಹೋದರು. ಕಿರುಪ್ರಬಂಧದ ಅವಧಿಯಲ್ಲಿ ಇಂಥದ್ದು ಆಗದ ಮಾತು. ಶೀರ್ಷಿಕೆಯಲ್ಲಿ ‘ಪರಿಣಾಮ’ ಎಂದಿದ್ದರೆ ‘ಸಂಬಂಧ’ ಎಂದು ತಿದ್ದಿಕೊಳ್ಳಿ, ಅಷ್ಟು ಸಾಕು.

ಮಾದರಿಯ ಆಯ್ಕೆಯನ್ನೂ ಹಗುರವಾಗಿ ಕಾಣಬೇಡಿ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಪತ್ರಿಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಸಂಗ್ರಹಿಸಿ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆಂದಿತು; ಎದುರಾಳಿ ರೂಸ್ವೆಲ್ಟ್ 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ದೂರವಾಣಿ ಮತ್ತು ಕಾರು ಉಳ್ಳವರ ಪಟ್ಟಿಗಳಿಂದ ವಿಳಾಸ ಆಯ್ದದ್ದು, ಜೊತೆಗೆ ಮನಸ್ಸಿದ್ದವರು ಮಾತ್ರ ಉತ್ತರಿಸಿದ್ದು, ಎರಡೂ ಸೇರಿ ಮುಳುಗಿಸಿದವು. ವಾಟ್ಸ್ಆ್ಯಪ್ ಗುಂಪಿನಲ್ಲಿ ಲಿಂಕ್ ಹಾಕಿ ಮೊಬೈಲ್ ಬಳಕೆಯ ಸಮೀಕ್ಷೆ ಮಾಡುವುದರಲ್ಲಿಯೂ ಇದೇ ತೊಂದರೆಯಿದೆ.

ಮರುಪ್ರಶ್ನೆ: ಕಿರುಪ್ರಬಂಧಕಾರ

ಇಬ್ಬರಿಗೂ ಧನ್ಯವಾದಗಳು. ಪ್ರಶ್ನಾವಳಿಯನ್ನು ಇನ್ನೂ ಹಂಚಿಲ್ಲವಾದ್ದರಿಂದ ತಿದ್ದಲು ಅವಕಾಶವಿದೆ. ಹಾಗಿದ್ದರೆ 1ರಿಂದ 5ರ ಉತ್ತರಗಳಿಗೆ ಸರಾಸರಿ ತೆಗೆಯಲೇಬಾರದೇ? ಮುಕ್ತ ಪ್ರಶ್ನೆಯಿರುವುದರಿಂದ ಇದನ್ನು ಅಂಕಿ ಮತ್ತು ಮಾತಿನ ಉತ್ತರ ಎರಡನ್ನೂ ಬಳಸುವ ಮಿಶ್ರ ವಿಧಾನವೆನ್ನಬಹುದೇ?

ಉತ್ತರ: ಅಂಕಿಸಂಖ್ಯೆ

ಒಂಟಿ ಪ್ರಶ್ನೆಯಾದರೆ ಮಧ್ಯಾಂಕವನ್ನೂ (ಉತ್ತರಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ) ಪ್ರತಿ ಆಯ್ಕೆಯ ಶೇಕಡಾವಾರನ್ನೂ ಕೊಡಿ. ಐದು ಜನರ ಉತ್ತರ 1, 1, 3, 5, 5 ಆಗಿದ್ದರೂ 3, 3, 3, 3, 3 ಆಗಿದ್ದರೂ ಸರಾಸರಿ 3 ಎಂದೇ ಬರುತ್ತದೆ, ಮಧ್ಯಾಂಕವೂ ಅಷ್ಟೇ. ಶೇಕಡಾವಾರು ಹಂಚಿಕೆಯನ್ನು ನೋಡಿದಾಗಲಷ್ಟೇ ಒಂದು ಗುಂಪು ಇಬ್ಭಾಗವಾಗಿದೆ, ಇನ್ನೊಂದು ಒಮ್ಮತದಲ್ಲಿದೆ ಎಂಬುದು ತಿಳಿಯುತ್ತದೆ. ಒಂದೇ ಸಂಗತಿಯನ್ನು ಅಳೆಯುವ ಹಲವು ಪ್ರಶ್ನೆಗಳ ಅಂಕಗಳನ್ನು ಕೂಡಿಸಿದ ಮೊತ್ತಕ್ಕೆ ಸರಾಸರಿ ತೆಗೆಯುವ ರೂಢಿ ವ್ಯಾಪಕವಾಗಿದೆ. ಅದನ್ನು ಒಪ್ಪದ ಸಂಖ್ಯಾಶಾಸ್ತ್ರಜ್ಞರೂ ಇದ್ದಾರೆ. ನನ್ನ ಮಟ್ಟಿಗೆ ಅದು ಸ್ವೀಕಾರಾರ್ಹ, ಕಾರಣವನ್ನು ವಿಧಾನದ ಅಧ್ಯಾಯದಲ್ಲಿ ಬರೆದಿದ್ದರೆ.

ಉತ್ತರ: ವಿಧಾನಾಸಕ್ತ

ಒಂದು ಮುಕ್ತ ಪ್ರಶ್ನೆಯಿಂದ ಅಧ್ಯಯನ ಮಿಶ್ರ ವಿಧಾನವಾಗುವುದಿಲ್ಲ. ಉತ್ತರಗಳನ್ನು ಓದಿ ‘ಒಂಟಿತನ’, ‘ಅಭ್ಯಾಸ’, ‘ಓದಿನ ಅಗತ್ಯ’ ಎಂಬಂತೆ ವಿಷಯವಾರು ಕೋಡ್ ಮಾಡಿ, ಆ ವಿಷಯಗಳು ಅಂಕಿಗಳಲ್ಲಿ ಕಂಡದ್ದನ್ನು ಹೇಗೆ ವಿವರಿಸುತ್ತವೆ ಅಥವಾ ಅಲ್ಲಗಳೆಯುತ್ತವೆ ಎಂದು ಚರ್ಚಿಸಿದಾಗ ಮಾತ್ರ ಆ ಹೆಸರು ಸಲ್ಲುತ್ತದೆ. ಸಮಯವಿಲ್ಲದಿದ್ದರೆ ‘ಮುಕ್ತ ಪ್ರಶ್ನೆಯನ್ನೊಳಗೊಂಡ ವಿವರಣಾತ್ಮಕ ಸಮೀಕ್ಷೆ’ ಎಂದು ಬರೆಯಿರಿ. ಪ್ರಶ್ನಾವಳಿಯನ್ನು ಎಲ್ಲರಿಗೂ ಹಂಚುವ ಮುನ್ನ ಕೆಲವರಿಂದ ತುಂಬಿಸಿ, ಅವರು ಯಾವ ಪ್ರಶ್ನೆಯ ಬಳಿ ತಡವರಿಸಿದರೆಂದು ಕೇಳಿ ತಿಳಿದುಕೊಳ್ಳಿ. ‘ನಿದ್ರೆಯ ಗುಣಮಟ್ಟ’ ಎಂಬುದನ್ನು ಒಬ್ಬರು ನಿದ್ರೆಯ ಅವಧಿಯೆಂದೂ ಇನ್ನೊಬ್ಬರು ಎಚ್ಚರವಾಗದೆ ಮಲಗುವುದೆಂದೂ ತಿಳಿಯುವ ಸಾಧ್ಯತೆ ಹೆಚ್ಚು.