ಪರ್ಸೀನ್ ಬಲೆಯೊಳಗೆ ತಿಮಿಂಗಿಲ ಶಾರ್ಕ್ ಸಿಕ್ಕಿದರೆ ಬಿಡುವುದು ಹೇಗೆ, ನಷ್ಟ ಹೊರುವವರು ಯಾರು?

ಪ್ರಶ್ನೆ: ಮಲ್ಪೆ ಕಡೆಯವ

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿ ಜಿಲ್ಲೆಯ ಮೀನುಗಾರ ಕುಟುಂಬ. ಅಣ್ಣ ಪರ್ಸೀನ್ (ಮೀನಿನ ಗುಂಪನ್ನು ಸುತ್ತುವರಿದು ಹಿಡಿಯುವ ದೊಡ್ಡ ಬಲೆ) ಬೋಟೊಂದರಲ್ಲಿ ಪಾಲುದಾರ. ನಾನು ದಡದಲ್ಲಿದ್ದುಕೊಂಡು ಡೀಸೆಲ್, ಮಂಜುಗಡ್ಡೆ, ಬಲೆ ರಿಪೇರಿಗಳ ಲೆಕ್ಕ ನೋಡಿಕೊಳ್ಳುತ್ತೇನೆ. ಕಳೆದ ಸೀಸನ್ನಿನಲ್ಲಿ ಬಂಗುಡೆಯ ಗುಂಪು ಕಂಡಿತೆಂದು ಬಲೆ ಸುತ್ತಿ, ಅಡಿಯ ಹಗ್ಗ ಎಳೆದು ಮುಗಿಸುವ ಹೊತ್ತಿಗೆ, ಬೋಟಿನ ಅರ್ಧಕ್ಕೂ ಹೆಚ್ಚು ಉದ್ದದ, ಬೆನ್ನ ಮೇಲೆಲ್ಲ ಬಿಳಿ ಚುಕ್ಕಿಗಳಿದ್ದ ತಿಮಿಂಗಿಲ ಶಾರ್ಕ್ ಒಳಗಿರುವುದು ಗೊತ್ತಾಯಿತು. ಬಾಲಕ್ಕೆ ಹಗ್ಗ ಹಾಕಿ ಹೊರಗೆಳೆಯೋಣ ಎಂದು ಒಬ್ಬರು, ಬಲೆ ಕೊಯ್ಯೋಣ ಎಂದು ಇನ್ನೊಬ್ಬರು ಹೇಳಿ, ಕೊನೆಗೆ ಬಲೆ ಕೊಯ್ದೇ ಬಿಟ್ಟರು. ಮೀನೂ ಹೋಯಿತು, ಬಲೆಯೂ ಹೋಯಿತು. ಯಾರೂ ಫೋಟೊ ತೆಗೆಯಲಿಲ್ಲ, ಏಕೆಂದರೆ ಫೋಟೊ ಹೊರಗೆ ಬಂದರೆ ಕೇಸು ಬೀಳುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇತ್ತು.

ಗುಜರಾತಿನಲ್ಲಿ ಹೀಗೆ ಬಿಟ್ಟವರಿಗೆ ಸರ್ಕಾರ ಪರಿಹಾರ ಕೊಡುತ್ತದೆ ಎಂದು ಕೇಳಿದ್ದೇನೆ. ನಮ್ಮ ಬಂದರಿನಲ್ಲಿ ಅಂಥ ಹಣ ಯಾರ ಕೈಗಾದರೂ ಬಂದದ್ದನ್ನು ನಾನು ಕಂಡಿಲ್ಲ. ಬಲೆಗೆ ತಾನಾಗಿ ಬಂದು ಬಿದ್ದ ಮೀನನ್ನು ಬಿಟ್ಟರೂ ಕಾನೂನಿನ ತೊಂದರೆ ಇದೆಯೇ? ಬಲೆ ಕೊಯ್ಯದೆ ಬಿಡುವ ದಾರಿ ಇದೆಯೇ? ಗುಜರಾತಿನ ವ್ಯವಸ್ಥೆ ಇಲ್ಲಿಗೂ ಬಂದರೆ ನಮ್ಮಂಥವರ ನಷ್ಟ ತುಂಬುವುದೇ? ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ: ಕಡಲಜೀವಿ ವಿದ್ಯಾರ್ಥಿನಿ

ಕಾನೂನಿನ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ ತಿಮಿಂಗಿಲ ಶಾರ್ಕ್ ಸೇರಿದ್ದು 2001ರ ಮೇ ತಿಂಗಳಲ್ಲಿ. ಹುಲಿ, ಆನೆಗಳಿಗೆ ಇರುವಷ್ಟೇ ರಕ್ಷಣೆ ಪಡೆದ ಮೊದಲ ಮೀನು ಇದು. ಅದೇ ವರ್ಷ ಜುಲೈಯಲ್ಲಿ ಸರ್ಕಾರ ಎಲ್ಲ ಬಗೆಯ ತಾಟೆ (ಶಾರ್ಕ್) ಮತ್ತು ತೊರಕೆ (ರೇ) ಮೀನುಗಳನ್ನು ಆ ಪಟ್ಟಿಗೆ ಸೇರಿಸಿತ್ತು. ಹಾಗಾದರೆ ನಾವು ಬದುಕುವುದು ಹೇಗೆ ಎಂದು ಮೀನುಗಾರರು ಆಕ್ಷೇಪಿಸಿದ ಮೇಲೆ ಡಿಸೆಂಬರ್‌ನಲ್ಲಿ ಪಟ್ಟಿಯನ್ನು 10 ಜಾತಿಗಳಿಗೆ ಇಳಿಸಲಾಯಿತು. ಅಂದರೆ ಬಂದರಿನ ಜನರ ಮಾತಿಗೆ ಕಾನೂನು ಕಿವಿಗೊಟ್ಟ ಉದಾಹರಣೆ ಈ ವಿಷಯದಲ್ಲಿಯೇ ಇದೆ.

2022ರ ತಿದ್ದುಪಡಿಯ ನಂತರ, ಮೊದಲನೇ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದವರಿಗೆ 3ರಿಂದ 7 ವರ್ಷಗಳ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡವಿದೆ. ಹಿಡಿಯುವುದೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ನಿಮ್ಮವರ ಹೆದರಿಕೆಯ ಮೂಲ ಇದೇ ಇರಬೇಕು. ಆದರೆ ಬಂಗುಡೆಗೆ ಹಾಕಿದ ಬಲೆಯೊಳಗೆ ಸಿಕ್ಕಿದ್ದನ್ನು ಜೀವಂತವಾಗಿ ಬಿಟ್ಟವರನ್ನು ಗುಜರಾತ್ ಮತ್ತು ಮಹಾರಾಷ್ಟ್ರದ ಸರ್ಕಾರಗಳು ಕರೆದು ಹಣ ಕೊಡುತ್ತಿರುವಾಗ, ಬಿಡುವ ಕೆಲಸವನ್ನೇ ಅಪರಾಧವೆಂದು ನೋಡುತ್ತಾರೆ ಎಂದು ಅಂಜಬೇಕಾಗಿಲ್ಲ. ತೊಂದರೆ ಬರುವುದು ಸತ್ತ ಮೀನನ್ನು ದಡಕ್ಕೆ ತಂದಾಗ, ಕೊಯ್ದಾಗ, ಮಾರಿದಾಗ. ಬಿಡುವಾಗ ತೆಗೆದ ಫೋಟೊ ನಿಮ್ಮ ಪರವಾದ ಸಾಕ್ಷಿಯೇ ಹೊರತು ವಿರುದ್ಧದ್ದಲ್ಲ.

ಇಷ್ಟು ಕಟ್ಟುನಿಟ್ಟು ಏಕೆ ಎಂದು ಕೇಳುವವರಿದ್ದಾರೆ, ಅದಕ್ಕೂ ಒಂದು ಮಾತು. ಬೂತಾಯಿ (ಸಾರ್ಡೀನ್) ಮೀನು ಒಂದೇ ವರ್ಷದಲ್ಲಿ ಮೊಟ್ಟೆಯಿಡುವಷ್ಟು ಬೆಳೆಯುತ್ತದೆ. ಒಂದು ವರ್ಷ ಕೈಕೊಟ್ಟರೂ ಕೆಲವು ವರ್ಷಗಳಲ್ಲಿ ಮತ್ತೆ ದಡ ತುಂಬಬಹುದು. ತಿಮಿಂಗಿಲ ಶಾರ್ಕ್ ಪ್ರಾಯಕ್ಕೆ ಬರಲು ಸುಮಾರು ಎರಡೂವರೆ ಮೂರು ದಶಕ ಬೇಕೆಂಬ ಅಂದಾಜಿದೆ. ಅದು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಆ ಸಂಗತಿ ಖಚಿತವಾದದ್ದು 1995ರಲ್ಲಿ, ತೈವಾನಿನ ಕಡಲಿನಲ್ಲಿ ಸಿಕ್ಕಿದ ಒಂದು ಹೆಣ್ಣಿನ ಹೊಟ್ಟೆಯಲ್ಲಿ ಬೆಳವಣಿಗೆಯ ಬೇರೆಬೇರೆ ಹಂತಗಳಲ್ಲಿದ್ದ ಸುಮಾರು 300 ಭ್ರೂಣಗಳು ಕಂಡಾಗ. ಮುಂದೆ ಇಷ್ಟು ವರ್ಷ ಕಳೆದರೂ ಅದು ಮರಿ ಹಾಕುವುದನ್ನು ಕಡಲಿನಲ್ಲಿ ನೋಡಿ ದಾಖಲಿಸಿದವರಿಲ್ಲ. ಹಾಗಾಗಿ ದೊಡ್ಡ ಹೆಣ್ಣೊಂದು ಸತ್ತರೆ ಆ ಜಾಗವನ್ನು ಬೇಗ ತುಂಬುವ ಯಾವ ದಾರಿಯೂ ಇಲ್ಲ. 2016ರಿಂದ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಜೀವಿ.

ಉತ್ತರ: ಸೌರಾಷ್ಟ್ರದಲ್ಲಿದ್ದವ

ನಾನು ಉದ್ಯೋಗದ ನಿಮಿತ್ತ ಬಹಳ ಕಾಲ ಸೌರಾಷ್ಟ್ರದ ತೀರದಲ್ಲಿದ್ದೆ, ಹಾಗಾಗಿ ಅಲ್ಲಿಯ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬಲ್ಲೆ. ವೇರಾವಲ, ಸೂತ್ರಾಪಾಡಾ, ಧಾಮಲೇಜ್ ಕಡೆಯ ಹಳೆಯ ಮೀನುಗಾರರು ಈ ಮೀನನ್ನು ‘ಬ್ಯಾರೆಲ್’ ಎಂದೇ ಕರೆಯುತ್ತಿದ್ದರು. ದೊಡ್ಡ ಕೊಕ್ಕೆ ಚುಚ್ಚಿ, ಅದರ ಹಗ್ಗಕ್ಕೆ ಖಾಲಿ ಬ್ಯಾರೆಲ್‌ಗಳನ್ನು ಕಟ್ಟಿ, ಮುಳುಗಲಾರದೆ ಅದು ಸುಸ್ತಾಗುವವರೆಗೆ ಕಾಯುತ್ತಿದ್ದರು. ಮೊದಲು ಬೇಕಾಗಿದ್ದದ್ದು ಯಕೃತ್ತಿನ ಎಣ್ಣೆ ಮಾತ್ರ. ಮರದ ದೋಣಿಗೆ ನೀರು ಹಿಡಿಯದಂತೆ ಅದನ್ನು ಬಳಿಯುತ್ತಿದ್ದರು. 1990ರ ದಶಕದಲ್ಲಿ ಮಾಂಸಕ್ಕೆ ಹೊರದೇಶಗಳಲ್ಲಿ ಬೆಲೆ ಬಂದ ಮೇಲೆ ಬೇಟೆ ವಿಪರೀತವಾಯಿತು.

2001ರಲ್ಲಿ ನಿಷೇಧ ಬಂದರೂ ಅದು ಕಡಲಿಗಿಳಿಯುವವರಿಗೆ ಮುಟ್ಟಿರಲಿಲ್ಲ. ಬದಲಾವಣೆ ಕಂಡದ್ದು 2004ರ ನಂತರ. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಗುಜರಾತ್ ಅರಣ್ಯ ಇಲಾಖೆ ಮತ್ತು ಟಾಟಾ ಕೆಮಿಕಲ್ಸ್ ಸೇರಿ ನಡೆಸಿದ ಅಭಿಯಾನಕ್ಕೆ ಕಥಾಪ್ರವಚನಕಾರ ಮೊರಾರಿ ಬಾಪು ದನಿಗೂಡಿಸಿದಾಗ. ಹೆರಿಗೆಗೆ ತವರಿಗೆ ಬಂದ ಮಗಳನ್ನು ಯಾರಾದರೂ ಕೊಲ್ಲುತ್ತಾರೆಯೇ ಎಂಬುದು ಅವರ ವಾದದ ತಿರುಳು. ಈ ಮೀನು ಅಲ್ಲಿಗೆ ಮರಿ ಹಾಕಲೆಂದೇ ಬರುತ್ತದೆ ಎಂಬುದಕ್ಕೆ ವಿಜ್ಞಾನದ ಪುರಾವೆ ಗಟ್ಟಿಯಾಗಿಲ್ಲ. ಆದರೂ ಅಲ್ಲಿಯ ಮೀನುಗಾರರಾದ ಖಾರ್ವಾ ಸಮುದಾಯದ ಮನೆಗಳಲ್ಲಿ ಆ ಮಾತು ನಾಟಿದಂತೆ ಯಾವ ಸರ್ಕಾರಿ ಪ್ರಕಟಣೆಯೂ ನಾಟಲಿಲ್ಲ. ಕೊಕ್ಕೆ ಹಾಕುತ್ತಿದ್ದವರೇ ಬಲೆ ಕೊಯ್ಯಲು ಒಪ್ಪಿದರು.

ಹಣದ ವಿಷಯಕ್ಕೆ ಬಂದರೆ, ಅರಣ್ಯ ಇಲಾಖೆ ಹರಿದ ಬಲೆಗೆ 25,000 ರೂಪಾಯಿಯವರೆಗೆ ಕೊಡುವ ಏರ್ಪಾಡು ಮಾಡಿತು. ಆರಂಭದಲ್ಲಿ ಅಧಿಕಾರಿಗಳು ಬಂದು ನೋಡುವವರೆಗೆ ಮೀನನ್ನು ಬಲೆಯಲ್ಲೇ ಉಳಿಸಿಕೊಳ್ಳಬೇಕಾಗುತ್ತಿತ್ತು. ಇದರಿಂದ ಮೀನಿಗೆ ಆಯಾಸ, ಬೋಟಿನವರಿಗೂ ಹೊತ್ತು ಹಾಳು. ಆಮೇಲೆ ಮೀನುಗಾರರ ಕೈಗೇ ನೀರು ತಾಗಿದರೂ ಕೆಡದ ಕ್ಯಾಮೆರಾ ಕೊಟ್ಟು, ಅವರು ತೆಗೆದ ಚಿತ್ರವನ್ನೇ ಆಧಾರವಾಗಿ ಒಪ್ಪಿಕೊಳ್ಳುವ ಪದ್ಧತಿ ಬಂತು. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ಜಾಣತನ ಇರುವುದು ಪರಿಹಾರದ ಮೊತ್ತದಲ್ಲಲ್ಲ, ಮೀನುಗಾರನ ಮಾತನ್ನು ನಂಬುವ ಈ ಏರ್ಪಾಡಿನಲ್ಲಿ. ಮಹಾರಾಷ್ಟ್ರವೂ 2018ರ ಕೊನೆಯಲ್ಲಿ ಕಡಲಾಮೆ ಮೊದಲಾದ ಸಂರಕ್ಷಿತ ಜೀವಿಗಳನ್ನೂ ಸೇರಿಸಿಕೊಂಡು ಇಷ್ಟೇ ಮಿತಿಯ ಪರಿಹಾರ ಆರಂಭಿಸಿತು. ಕರ್ನಾಟಕಕ್ಕೂ ಇದನ್ನೇ ಕೇಳುವುದು ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ.

ಉತ್ತರ: ಹಳೆಯ ತಾಂಡೇಲ

ಮೇಲಿನವರ ಮಾಹಿತಿಗೆ ನನ್ನ ತಕರಾರಿಲ್ಲ. ಆದರೆ ಗುಜರಾತಿನ ಏರ್ಪಾಡನ್ನು ಇದ್ದಂತೆಯೇ ಇಲ್ಲಿಗೆ ತಂದರೆ ಸಾಲದು ಎನ್ನುವುದಕ್ಕೆ ಕಾರಣ ಹೇಳುತ್ತೇನೆ. ಅಲ್ಲಿ ಈ ಮೀನು ಹೆಚ್ಚಾಗಿ ಸಿಗುವುದು ಗಿಲ್‌ನೆಟ್‌ಗೆ. ಆ ಬಲೆ ಮೈಗೆ ಸುತ್ತಿಕೊಳ್ಳುತ್ತದೆ, ಕೊಯ್ಯದೆ ಬಿಡಿಸಲಾಗದು; ಹಾಗಾಗಿ ಬಲೆಯ ಬೆಲೆಯೇ ನಷ್ಟ, ಅದಕ್ಕೆ ತಕ್ಕ ಹಣವೇ ಪರಿಹಾರ. ಪರ್ಸೀನ್ ಹಾಗಲ್ಲ. ಅದು ಮೀನಿನ ಗುಂಪಿನ ಸುತ್ತ ನಿಲ್ಲುವ ಗೋಡೆ. ಮೇಲೆ ಬಲೆಯನ್ನು ತೇಲಿಸುವ ಬೆಂಡುಗಳ ಸಾಲು, ಕೆಳಗೆ ರಿಂಗ್‌ಗಳ ಮೂಲಕ ಹಾದು ಅಡಿಯನ್ನು ಚೀಲದಂತೆ ಮುಚ್ಚುವ ಹಗ್ಗ. ಶಾರ್ಕ್ ಒಳಗಿದ್ದರೂ ಬಲೆ ಅದರ ಮೈಗೆ ಅಂಟಿರುವುದಿಲ್ಲ, ಕನಿಷ್ಠ ಮೊದಲ ಹೊತ್ತಿನಲ್ಲಿ. ಆದ್ದರಿಂದ ಇಲ್ಲಿ ಕೊಯ್ಯುವುದು ಕಟ್ಟಕಡೆಯ ಉಪಾಯ.

ಅಡಿಯ ಹಗ್ಗ ಪೂರ್ತಿ ಬಿಗಿಯುವ ಮೊದಲೇ ಗೊತ್ತಾದರೆ ಎಳೆಯುವುದನ್ನು ಅಲ್ಲಿಗೇ ನಿಲ್ಲಿಸಿ ಹಗ್ಗ ಸಡಿಲಿಸಬೇಕು. ಬಿಗಿದ ಮೇಲೆ ಗೊತ್ತಾದರೆ, ಬೋಟಿನಿಂದ ದೂರದ ಒಂದು ಕಡೆ ಬೆಂಡಿನ ಸಾಲನ್ನು ಭಾರ ಹಾಕಿ ನೀರಿನಡಿಗೆ ತಗ್ಗಿಸಬೇಕು. ಸಣ್ಣ ದೋಣಿಯಲ್ಲಿರುವ ಇಬ್ಬರು ಅದನ್ನು ಮಾಡಬಲ್ಲರು. ತಗ್ಗಿದ ಜಾಗದ ಕಡೆಗೆ ಮೀನಿನ ತಲೆ ಬರುವವರೆಗೆ ಬಲೆಯನ್ನು ಈ ಬದಿಯಿಂದ ನಿಧಾನವಾಗಿ ತೆಗೆದುಕೊಳ್ಳುತ್ತಾ ಹೋದರೆ ಅದು ತಾನಾಗಿ ಬೆಂಡಿನ ಮೇಲಿನಿಂದ ಜಾರಿ ಹೋಗುತ್ತದೆ. ಎಂಜಿನ್ ನ್ಯೂಟ್ರಲ್‌ನಲ್ಲಿರಬೇಕು, ಪ್ರೊಪೆಲ್ಲರ್ ತಾಗಿದ ಗಾಯ ಅದರ ಪಾಲಿಗೆ ಬಲೆಗಿಂತ ಕೆಟ್ಟದ್ದು.

ಬಾಲಕ್ಕೆ ಹಗ್ಗ ಹಾಕಿ ಹಿಂದಕ್ಕೆ ಎಳೆಯುವ ಮಾತು ಬೇಡವೇ ಬೇಡ. ಕಿವಿರಿನ ಸೀಳುಗಳಿಗೆ ಕೊಕ್ಕೆಯನ್ನೋ ಕೈಯನ್ನೋ ಹಾಕುವುದೂ ಬೇಡ. ಬೆನ್ನೇರಿ ಸೆಲ್ಫಿ ತೆಗೆದುಕೊಳ್ಳುವ ಹುಡುಗರನ್ನು ಈಗ ನೋಡುತ್ತಿದ್ದೇವೆ, ಅವರಿಗೆ ನಾಲ್ಕು ಮಾತು ಹೇಳುವುದು ಬೋಟು ನಡೆಸುವ ತಾಂಡೇಲನ ಕೆಲಸ.

ಹೀಗೆ ಬಿಟ್ಟರೆ ಬಲೆ ಉಳಿಯುತ್ತದೆ, ಆದರೆ ತಗ್ಗಿಸಿದ ಬೆಂಡಿನ ಮೇಲಿನಿಂದ ಬಂಗುಡೆಯೂ ದಾಟಿ ಹೋಗುತ್ತದೆ. ನಮ್ಮ ನಷ್ಟ ಇರುವುದು ಅಲ್ಲಿ. ಹರಿಯದ ಬಲೆಗೆ ಪರಿಹಾರದ ಅರ್ಜಿ ಹಾಕುವುದು ಹೇಗೆ? ಬಲೆಗೆ ಮಾತ್ರ ಹಣ ಎಂಬ ನಿಯಮ ಇಲ್ಲಿಗೆ ಬಂದರೆ, ಜಾಣತನದಿಂದ ಬಿಟ್ಟವನಿಗೆ ಏನೂ ಇಲ್ಲ, ಕೊಯ್ದವನಿಗೆ ಹಣ ಎಂದಾಗುತ್ತದೆ.

ಪ್ರತಿಕ್ರಿಯೆ: ಮಲ್ಪೆ ಕಡೆಯವ

ತಾಂಡೇಲರೇ, ನಿಮ್ಮ ಉತ್ತರವನ್ನು ಅಣ್ಣನಿಗೆ ಓದಿ ಹೇಳಿದೆ. ಬೆಂಡು ತಗ್ಗಿಸುವುದು ಸಾಧ್ಯ, ಆದರೆ ಗಾಳಿ ಅಥವಾ ನೀರಿನ ಸೆಳೆತ ಹೆಚ್ಚಿದ್ದರೆ ಬಲೆ ಮಡಚಿಕೊಂಡು ಶಾರ್ಕ್‌ನ ಮೇಲೆಯೇ ಬೀಳುವ ಅಪಾಯವಿದೆ ಎಂದ. ಇನ್ನೊಂದು ಸಂಗತಿಯನ್ನೂ ಅವನೇ ನೆನಪಿಸಿದ. ನಮ್ಮಲ್ಲಿ ಬೋಟಿನ ಜನರಿಗೆ ಸಿಗುವುದು ಹಿಡಿದ ಮೀನಿನ ಪಾಲು. ಮೀನು ಬಿಟ್ಟ ದಿನ ಅವರೆಲ್ಲರ ಮನೆಗೂ ಅಷ್ಟು ಕಡಿಮೆಯಾಗುತ್ತದೆ. ಪರಿಹಾರ ಬಲೆಯ ಯಜಮಾನನ ಖಾತೆಗೆ ಮಾತ್ರ ಹೋದರೆ, ನೀರಿಗಿಳಿದು ಬೆಂಡು ಹಿಡಿದ ಹುಡುಗನಿಗೆ ಸಿಗುವುದೇನು? ಬಾಲಕ್ಕೆ ಹಗ್ಗ ಹಾಕೋಣ ಎಂದವರು ಕ್ರೂರಿಗಳಲ್ಲ. ಬೇಗ ಮುಗಿದರೆ ಸ್ವಲ್ಪ ಮೀನಾದರೂ ಉಳಿದೀತು ಎಂಬ ಲೆಕ್ಕ ಅವರದು.

ಉತ್ತರ: ಸೌರಾಷ್ಟ್ರದಲ್ಲಿದ್ದವ

ಈ ಎರಡು ಮಾತುಗಳ ನಂತರ ನನ್ನ ಸಲಹೆಯನ್ನು ಸ್ವಲ್ಪ ಬೇರೆ ರೀತಿ ಹೇಳಬೇಕೆನಿಸುತ್ತದೆ. ಬಲೆ ಎಷ್ಟು ಹರಿದಿದೆ ಎಂದು ಅಳೆಯುವ ಬದಲು, ಜೀವಂತವಾಗಿ ಬಿಟ್ಟದ್ದಕ್ಕೆ ಚಿತ್ರ ಇದ್ದರೆ ಒಂದು ನಿಶ್ಚಿತ ಮೊತ್ತ ಎಂದು ಕೇಳಬಹುದು. ಅದು ಮಾಮೂಲಿನಂತೆ ಪಾಲಿನ ಲೆಕ್ಕಕ್ಕೇ ಸೇರಲಿ. ಇದನ್ನು ಒಬ್ಬೊಬ್ಬ ಬೋಟಿನವರು ಕೇಳಿದರೆ ಆಗುವುದಿಲ್ಲ, ಪರ್ಸೀನ್ ಮೀನುಗಾರರ ಸಂಘದಿಂದಲೇ ಮೀನುಗಾರಿಕೆ ಮತ್ತು ಅರಣ್ಯ ಎರಡೂ ಇಲಾಖೆಗಳಿಗೆ ಮನವಿ ಹೋಗಬೇಕು. ಗುಜರಾತ್, ಮಹಾರಾಷ್ಟ್ರಗಳ ಆದೇಶದ ಪ್ರತಿಗಳನ್ನು ಜೊತೆಗಿಟ್ಟರೆ, ಹೊಸದಾಗಿ ಆರಂಭಿಸಬೇಕು ಎಂಬ ನೆಪ ಹೇಳಲು ಅಧಿಕಾರಿಗಳಿಗೆ ಎಡೆಯಿರುವುದಿಲ್ಲ.

ಮೊತ್ತ ನಿಶ್ಚಿತವಾದರೆ ಬೇಕೆಂದೇ ಶಾರ್ಕ್‌ನ ಸುತ್ತ ಬಲೆ ಹಾಕುವವರು ಹುಟ್ಟಿಕೊಳ್ಳುತ್ತಾರೆ ಎಂಬ ಆಕ್ಷೇಪ ಬರಬಹುದು. ಒಂದು ಸುತ್ತು ಬಂಗುಡೆಯ ಬೆಲೆ ಗೊತ್ತಿರುವವರು ಆ ಆಕ್ಷೇಪ ಎತ್ತಲಾರರು.

ಉತ್ತರ: ಕಡಲಜೀವಿ ವಿದ್ಯಾರ್ಥಿನಿ

ಚಿತ್ರ ತೆಗೆಯುವ ಮಾತು ಬಂದದ್ದರಿಂದ ಒಂದು ಉಪಯುಕ್ತ ವಿವರ ಸೇರಿಸುತ್ತೇನೆ. ತಿಮಿಂಗಿಲ ಶಾರ್ಕ್‌ನ ಚುಕ್ಕಿಗಳ ವಿನ್ಯಾಸ ಒಂದರಂತೆ ಇನ್ನೊಂದರದು ಇರುವುದಿಲ್ಲ. ಆಕಾಶದ ಚಿತ್ರಗಳಲ್ಲಿ ನಕ್ಷತ್ರಗಳ ಜೋಡಣೆಯನ್ನು ಹೋಲಿಸಿ ನೋಡಲು ಖಗೋಳ ವಿಜ್ಞಾನಿಗಳು ಬಳಸುತ್ತಿದ್ದ ಗಣನಾ ವಿಧಾನವನ್ನೇ ಮಾರ್ಪಡಿಸಿ, ಈ ಚುಕ್ಕಿಗಳಿಂದ ಒಂದೊಂದು ಶಾರ್ಕನ್ನೂ ಗುರುತಿಸುತ್ತಾರೆ. ಅದಕ್ಕೆ ಬೇಕಾದದ್ದು ಎಡಮಗ್ಗುಲಿನ ಚಿತ್ರ, ಅದರಲ್ಲಿಯೂ ಕಿವಿರಿನ ಕೊನೆಯ ಸೀಳಿನ ಹಿಂದಿನ, ಪಕ್ಕದ ಈಜುರೆಕ್ಕೆಯ ಮೇಲಿನ ಭಾಗ. ದೋಣಿಯಲ್ಲಿ ಬೆಂಡು ತಗ್ಗಿಸುತ್ತಿರುವವರೇ ಮೊಬೈಲಿನಲ್ಲಿ ಅದನ್ನು ತೆಗೆಯಬಹುದು. ಇದಕ್ಕಾಗಿ ಮೀನನ್ನು ಹೊತ್ತು ಕಳೆಯುವಂತೆ ನಿಲ್ಲಿಸಬೇಕಾಗಿಲ್ಲ.

ಅಣ್ಣನವರು ಹೇಳಿದ ಸೆಳೆತದ ಅಪಾಯ ನಿಜವೇ. ಬಲೆ ಮೈಮೇಲೆ ಬಿದ್ದು ತಲೆ ಸಿಕ್ಕಿಕೊಂಡರೆ ಆಗ ಕೊಯ್ಯಲೇಬೇಕು, ಅದೂ ಬೇಗ. ಕೊಯ್ಯುವಾಗ ಬೆಂಡಿನ ಹಗ್ಗದಿಂದ ಕೆಳಮುಖವಾಗಿ ಒಂದೇ ಸೀಳು ಹಾಕಿದರೆ ಆಮೇಲೆ ಹೊಲಿಯುವುದು ಸುಲಭ ಎಂದು ನನಗನಿಸುತ್ತದೆ, ಇದನ್ನು ತಾಂಡೇಲರು ಸರಿಯೋ ತಪ್ಪೋ ಹೇಳಬೇಕು.

ಉತ್ತರ: ಹಳೆಯ ತಾಂಡೇಲ

ಸರಿಯೇ ಇದೆ ತಂಗಿ. ಕೊಯ್ಯುವ ಮೊದಲು ಬೆಂಡಿನ ಹಗ್ಗವನ್ನು ಎರಡೂ ಕಡೆ ಬೇರೆ ಹಗ್ಗದಿಂದ ಕಟ್ಟಿ ಹಿಡಿದಿಟ್ಟುಕೊಳ್ಳಬೇಕು ಎಂಬುದನ್ನು ಸೇರಿಸಿ. ಇಲ್ಲದಿದ್ದರೆ ಸೀಳು ತಾನಾಗಿ ಅಡಿಯವರೆಗೂ ಹರಿಯುತ್ತದೆ, ಆಗ ಬಲೆ ಕಟ್ಟುವವರಿಗೆ ಒಂದು ವಾರದ ಕೆಲಸ.